ಸ್ವಭಾವ ಎಂದು ತೀರ್ಮಾನಿಸುವ ಮೊದಲು ಮಾತಿನ ಧಾಟಿಯನ್ನು ನೋಡಿ

ಅಕ್ಕನ ಮದುವೆಯಾದ ಹೊಸತರಲ್ಲಿ ಅವಳು ಒಂದೇ ದೂರನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಅವರಿಗೆ ನನ್ನ ಹತ್ತಿರ ಮಾತೇ ಬೇಡ." ಭಾವನನ್ನು ಕೇಳಿದರೆ ಅವರ ದೂರು ಬೇರೆಯದೇ ಆಗಿತ್ತು: "ನಿಮ್ಮಕ್ಕ ನನಗೆ ಮಾತಾಡಲು ಬಿಟ್ಟರೆ ತಾನೇ?" ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಅದನ್ನು ಎತ್ತಿಕೊಂಡು ಮುಂದುವರಿಸುವುದು ಆಸಕ್ತಿಯ ಗುರುತು. ಯಾರೂ ನಡುವೆ ಬಾಯಿ ಹಾಕದಿದ್ದರೆ, ಇವರು ಕೇಳುತ್ತಿಲ್ಲವೇನೋ ಎಂದು ಹೇಳುವವರಿಗೇ ಅನುಮಾನ ಬರುತ್ತದೆ. ಭಾವನ ಮನೆಯಲ್ಲಿ ಒಬ್ಬರು ಮಾತು ಮುಗಿಸಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಇನ್ನೊಬ್ಬರು ಆರಂಭಿಸುತ್ತಾರೆ. ಅಕ್ಕ ಆ ಒಂದು ಕ್ಷಣದ ಮೌನವನ್ನು ತಾಳಲಾರದೆ ತಾನೇ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ಭಾವ ತಮ್ಮ ಸರದಿ ತಪ್ಪಿತೆಂದು ಹಿಂದೆ ಸರಿಯುತ್ತಿದ್ದರು. ಅವರು ಸುಮ್ಮನಾದಷ್ಟೂ ಅವಳ ಪ್ರಶ್ನೆಗಳು ಹೆಚ್ಚುತ್ತಿದ್ದವು.

ಇಂಥ ಮುನಿಸುಗಳಲ್ಲಿ ನಾವು ಮಾಡುವ ಮೊದಲ ತಪ್ಪು, ಮಾತಿನ ಧಾಟಿಯನ್ನು ಮನುಷ್ಯನ ಸ್ವಭಾವವೆಂದು ಓದಿಕೊಳ್ಳುವುದು. ಬೇಗ ಮಾತಾಡುವವರು ದಬ್ಬಾಳಿಕೆಯವರು, ನಿಧಾನಿಸುವವರು ಬಿಗುಮಾನದವರು, ನೇರವಾಗಿ ಹೇಳುವವರು ಒರಟರು, ಸುತ್ತುಬಳಸಿ ಹೇಳುವವರು ಒಳಗೊಂದು ಹೊರಗೊಂದು ಇಟ್ಟುಕೊಂಡವರು ಆಗಿಬಿಡುತ್ತಾರೆ. ಸ್ವಭಾವದ ಮೇಲೆ ಒಮ್ಮೆ ತೀರ್ಪು ಕೊಟ್ಟಮೇಲೆ ಸರಿಪಡಿಸಲು ಹೆಚ್ಚೇನೂ ಉಳಿಯುವುದಿಲ್ಲ. ಧಾಟಿಯಾದರೆ ಅದರ ಒಂದೊಂದೇ ಎಳೆಯನ್ನು ಹಿಡಿದು ಸಡಿಲಿಸಬಹುದು, ಬಿಗಿಗೊಳಿಸಬಹುದು. ಆ ಕೆಲಸವನ್ನು ಮನೆಯಲ್ಲಿಯೂ ಕಚೇರಿಯಲ್ಲಿಯೂ ಹೇಗೆ ಮಾಡಬಹುದೆಂಬುದನ್ನು ಮುಂದೆ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ನಿಮ್ಮ ಮಾತನ್ನು ನೀವೇ ಕೇಳಿಸಿಕೊಳ್ಳಿ

ಎದುರಿನವರ ಧಾಟಿ ನಮಗೆ ತಕ್ಷಣ ಕಿವಿಗೆ ಬೀಳುತ್ತದೆ, ನಮ್ಮದು ಮಾತ್ರ ಬೀಳುವುದಿಲ್ಲ, ಏಕೆಂದರೆ ನಾವು ಮಾತಾಡುವ ರೀತಿಯೇ ಸಹಜವಾದ ರೀತಿಯೆಂದು ಚಿಕ್ಕಂದಿನಿಂದ ಒಪ್ಪಿಕೊಂಡಿರುತ್ತೇವೆ. ಆದ್ದರಿಂದ ಮನೆಯವರ ಒಪ್ಪಿಗೆ ಪಡೆದು, ಊಟದ ಹೊತ್ತಿನ ಹತ್ತು ನಿಮಿಷದ ಹರಟೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಒಬ್ಬರೇ ಕುಳಿತು ಕೇಳಿ. ಜಗಳವನ್ನು ರೆಕಾರ್ಡ್ ಮಾಡಬೇಡಿ. ಅದು ಸಾಕ್ಷಿ ಸಂಗ್ರಹದಂತೆ ಕಾಣುತ್ತದೆ, ಮತ್ತೆ ನಂಬಿಕೆ ಕೂಡಿಬರುವುದು ಕಷ್ಟ. ಕೇಳುವಾಗ ಏನು ಹೇಳಿದಿರಿ ಎಂಬುದನ್ನು ಬದಿಗಿಟ್ಟು, ಹೇಗೆ ಹೇಳಿದಿರಿ ಎಂಬುದರ ಮೇಲೆ ಮಾತ್ರ ಗಮನವಿಡಿ: ಇನ್ನೊಬ್ಬರು ನಿಲ್ಲಿಸಿದ ಎಷ್ಟು ಹೊತ್ತಿಗೆ ನೀವು ಶುರುಮಾಡುತ್ತೀರಿ, ಎಷ್ಟು ಸಲ ನಡುವೆ ನುಗ್ಗುತ್ತೀರಿ, ಬೇಕಾದುದನ್ನು ನೇರವಾಗಿ ಕೇಳುತ್ತೀರೋ ಸೂಚಿಸಿ ಬಿಡುತ್ತೀರೋ, ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ. ನಾನು ಮೊದಲ ಸಲ ಹೀಗೆ ಕೇಳಿದಾಗ ನನಗೆ ನಿಜಕ್ಕೂ ನೋವಾಯಿತು. ಅಮ್ಮ ಮೂರು ಸಲ ಒಂದೇ ವಿಷಯವನ್ನು ಆರಂಭಿಸಿದ್ದರು, ಮೂರು ಸಲವೂ ನಾನು "ಹೌದು ಹೌದು, ಗೊತ್ತು" ಎಂದು ಮುಂದೆ ಹೋಗಿದ್ದೆ.

ಇದರೊಂದಿಗೆ 'ಹೂಂ' ಎಂಬ ಸಣ್ಣ ದನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಲವರಿಗೆ 'ಹೂಂ' ಎಂದರೆ ಒಪ್ಪಿದ್ದೇನೆ ಎಂದರ್ಥ, ಕೆಲವರಿಗೆ ಕೇಳುತ್ತಿದ್ದೇನೆ, ಮುಂದುವರಿಸಿ ಎಂದಷ್ಟೇ ಅರ್ಥ. ಮೇಲಧಿಕಾರಿಯ ಹೂಂಗುಟ್ಟುವಿಕೆಯನ್ನು ಅನುಮತಿಯೆಂದು ತಿಳಿದು ಕೆಲಸ ಶುರುಮಾಡಿ, ಆಮೇಲೆ "ನಾನು ಯಾವಾಗ ಒಪ್ಪಿದೆ?" ಎಂಬ ಮಾತು ಕೇಳಬೇಕಾಗಿ ಬಂದವರು ಪ್ರತಿಯೊಂದು ಕಚೇರಿಯಲ್ಲಿಯೂ ಇರುತ್ತಾರೆ. ಮುಖ್ಯವಾದ ವಿಷಯದಲ್ಲಿ "ಹಾಗಾದರೆ ಇದನ್ನು ನೀವು ಒಪ್ಪಿದ್ದೀರಿ ಎಂದು ತಿಳಿದು ಮುಂದುವರಿಯಲೇ?" ಎಂದು ಒಂದು ವಾಕ್ಯ ಸೇರಿಸಿದರೆ ಆ ಗೊಂದಲ ಅಲ್ಲಿಯೇ ತೀರುತ್ತದೆ.

ಮೌನದ ಅಳತೆ

ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ನಡುವಿನ ಬಿಡುವು ನಾವು ಊಹಿಸುವುದಕ್ಕಿಂತ ಬಹಳ ಚಿಕ್ಕದು. 2009ರಲ್ಲಿ ಪ್ರಕಟವಾದ, ಜಗತ್ತಿನ ಬೇರೆಬೇರೆ ಕಡೆಯ 10 ಭಾಷೆಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಬಿಡುವು ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಇತ್ತು. ಜಪಾನೀ ಮಾತುಗಾರರು ಅದಕ್ಕಿಂತ ಬೇಗ, ಡೇನಿಷ್ ಮಾತುಗಾರರು ಅದಕ್ಕಿಂತ ತಡವಾಗಿ ಉತ್ತರಿಸುತ್ತಿದ್ದರು. ಆದರೂ ಎಲ್ಲ ಭಾಷೆಗಳ ನಡುವಿನ ವ್ಯತ್ಯಾಸ ಅರ್ಧ ಸೆಕೆಂಡನ್ನೂ ಮುಟ್ಟಲಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಈ ಅಂತರವನ್ನೇ ನಾವು ಉತ್ಸಾಹವೆಂದೋ ಹಿಂಜರಿಕೆಯೆಂದೋ ಅರ್ಥಮಾಡಿಕೊಳ್ಳುತ್ತೇವೆ.

ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಟ್ಯಾನನ್ 1978ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತಾವೂ ಸೇರಿ ಆರು ಮಂದಿ ಗೆಳೆಯರು ಹಬ್ಬದ ಊಟಕ್ಕೆ ಕುಳಿತು ಆಡಿದ ಮಾತನ್ನು ಧ್ವನಿಮುದ್ರಿಸಿ ಸೂಕ್ಷ್ಮವಾಗಿ ಪರಿಶೀಲಿಸಿದರು. ಅವರೂ ಸೇರಿ ಮೂವರು ನ್ಯೂಯಾರ್ಕಿನವರು, ಇಬ್ಬರು ಕ್ಯಾಲಿಫೋರ್ನಿಯಾದವರು, ಒಬ್ಬರು ಲಂಡನ್ನಿನಲ್ಲಿ ಬೆಳೆದವರು. ನ್ಯೂಯಾರ್ಕಿನವರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾ, ಪಟಪಟನೆ ಪ್ರಶ್ನೆ ಎಸೆಯುತ್ತಾ ತಮ್ಮ ಆದರವನ್ನು ತೋರಿಸುತ್ತಿದ್ದರು. ಅದೇ ಪ್ರಶ್ನೆ ಉಳಿದವರತ್ತ ಬಂದಾಗ ಅವರು ತಡವರಿಸಿ ಮಾತು ನಿಲ್ಲಿಸುತ್ತಿದ್ದರು. ಪ್ರೀತಿಯಿಂದ ಕೇಳಿದ ಪ್ರಶ್ನೆಯೇ ಎದುರಿನವರ ಬಾಯಿ ಕಟ್ಟಿಸುತ್ತಿತ್ತು. ಅಕ್ಕನ ಮನೆಯ ಕಥೆಯೂ ಇದೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಹಾಗಾದರೆ ಮಾಡಬೇಕಾದದ್ದೇನು? ನೀವು ಬೇಗ ಮಾತಾಡುವವರಾದರೆ, ಎದುರಿನವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ. ಮೊದಲ ಕೆಲವು ದಿನ ಆ ಮೂರು ಎಣಿಕೆ ಮೂರು ನಿಮಿಷದಂತೆ ಭಾರವಾಗುತ್ತದೆ. ಸಹಿಸಿಕೊಳ್ಳಿ, ಅಲ್ಲಿಯವರೆಗೆ ಬಾರದಿದ್ದ ಮಾತು ಆ ಬಿಡುವಿನಲ್ಲಿಯೇ ಬರುತ್ತದೆ. ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆ ಜೋಡಿಸಬೇಡಿ. ನೀವು ನಿಧಾನಿಸುವವರಾದರೆ, ಮಾತು ಪೂರ್ತಿ ಸಿದ್ಧವಾಗುವವರೆಗೆ ಕಾಯದೆ "ಒಂದು ನಿಮಿಷ, ಅದರ ಬಗ್ಗೆ ನನಗೊಂದು ಮಾತು ಹೇಳುವುದಿದೆ" ಎಂದು ಮೊದಲು ಸರದಿಯನ್ನು ಹಿಡಿದುಕೊಂಡು ಆಮೇಲೆ ಯೋಚಿಸಿ. ಮೀಟಿಂಗ್ ನಡೆಸುವವರಿಗೆ ಇಲ್ಲಿ ಹೆಚ್ಚಿನ ಹೊಣೆಯಿದೆ. ಚರ್ಚೆಯನ್ನು ಸುಮ್ಮನೆ ತೆರೆದಿಟ್ಟರೆ ಬಿಡುವು ಚಿಕ್ಕದಾಗಿರುವವರೇ ಕೊನೆಯವರೆಗೂ ಮಾತಾಡುತ್ತಾರೆ. ವಿಷಯವನ್ನು ಹಿಂದಿನ ದಿನವೇ ತಿಳಿಸಿ, ಮಾತಾಡದೆ ಉಳಿದವರನ್ನು ಹೆಸರು ಹಿಡಿದು ಕೇಳಿ, ಕೇಳಿದ ಮೇಲೆ ಕಾಯುವುದು ಅವರ ಕೆಲಸ.

ಹೇಳಿದ್ದೇನು, ಕೇಳಿಸಿದ್ದೇನು

ಸಿಟ್ಟು ಬಂದ ದಿನ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಎದುರಿನವರು ಆಡಿದ ಮಾತನ್ನು ಅವರ ಶಬ್ದಗಳಲ್ಲಿಯೇ ಬರೆಯಿರಿ. ಬಲಕ್ಕೆ ಅದರಿಂದ ನಿಮಗೆ ಆದ ಅರ್ಥವನ್ನು ಬರೆಯಿರಿ. ಎಡಗಡೆ "ನೀನೊಂದು ಫೋನ್ ಮಾಡಬಹುದಿತ್ತು" ಎಂದಿದ್ದರೆ ಬಲಗಡೆ "ನಿನಗೆ ಜವಾಬ್ದಾರಿಯಿಲ್ಲ ಎಂದರು" ಎಂದಿರುತ್ತದೆ. 'ಮಾಡಬಹುದಿತ್ತು' ಎಂಬ ಈ ಕ್ರಿಯಾಪದದಲ್ಲಿ ಆಕ್ಷೇಪವೂ ಇರಬಹುದು, ನಿನ್ನ ದನಿ ಕೇಳಬೇಕೆಂದು ಕಾದಿದ್ದೆ ಎಂಬ ಹಂಬಲವೂ ಇರಬಹುದು, ಗಾಬರಿಯೂ ಇರಬಹುದು. ಬಲಗಡೆಯ ಅರ್ಥಕ್ಕೆ ಎದುರಾಗಿ ಇನ್ನೂ ಎರಡು ಅರ್ಥಗಳನ್ನು ಬರೆಯುವವರೆಗೆ ಉತ್ತರ ಕೊಡಬೇಡಿ. ಬರೆಯಲು ಸಾಧ್ಯವಾಗದಿದ್ದರೆ ಕೇಳಿಬಿಡಿ: "ನಿಮಗೆ ಗಾಬರಿಯಾಯಿತೇ, ಬೇಜಾರಾಯಿತೇ?"

ದನಿಯ ಏರಿಳಿತವೊಂದೇ ಎಷ್ಟು ಕೆಡಿಸಬಲ್ಲದೆಂಬುದಕ್ಕೆ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ದಾಖಲಿಸಿದ ಒಂದು ಪ್ರಸಂಗವಿದೆ. ಬ್ರಿಟನ್ನಿನ ದೊಡ್ಡ ವಿಮಾನನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿಗೆ ಹೊಸದಾಗಿ ಸೇರಿದ್ದ ಭಾರತ ಮತ್ತು ಪಾಕಿಸ್ತಾನ ಮೂಲದ ಹೆಂಗಸರನ್ನು ಊಟಕ್ಕೆ ಬರುವವರೂ ಮೇಲ್ವಿಚಾರಕರೂ ಸಿಡುಕಿನವರೆಂದು ದೂರುತ್ತಿದ್ದರು. ಅವರು ಆಡುತ್ತಿದ್ದ ಮಾತೇ ಬಹಳ ಕಡಿಮೆ. ಮಾಂಸ ಬಡಿಸುವಾಗ ಗ್ರೇವಿ ಬೇಕೇ ಎಂದು ಕೇಳುವ ಕಡೆ ಬ್ರಿಟಿಷ್ ನೌಕರರು ದನಿಯನ್ನು ಕೊನೆಯಲ್ಲಿ ಏರಿಸಿ "ಗ್ರೇವಿ?" ಎನ್ನುತ್ತಿದ್ದರು, ಈ ಹೆಂಗಸರು ತಮ್ಮ ಭಾಷೆಯ ರೂಢಿಯಂತೆ ದನಿಯನ್ನು ಇಳಿಸಿ "ಗ್ರೇವಿ" ಎನ್ನುತ್ತಿದ್ದರು. ಒಂದೇ ಪದ, ಒಂದೇ ಉದ್ದೇಶ. ಕೇಳುವವರಿಗೆ ಮಾತ್ರ ಅದು, ಬೇಕಿದ್ದರೆ ತಗೊಳ್ಳಿ ಎಂದಂತೆ ಕೇಳಿಸುತ್ತಿತ್ತು. ಎರಡೂ ರೀತಿಯನ್ನು ಪಕ್ಕಪಕ್ಕದಲ್ಲಿ ಕೇಳಿಸಿದಾಗ ಆ ಹೆಂಗಸರಿಗೆ ಮೊದಲು ವ್ಯತ್ಯಾಸವೇ ಕಾಣಲಿಲ್ಲ, ಆಮೇಲೆ ತಮ್ಮ ಬಗ್ಗೆ ಇದ್ದ ಅಸಮಾಧಾನದ ಮೂಲ ತಿಳಿಯಿತು. ಅಲ್ಲಿಯವರೆಗೆ ಅವರು ತಮ್ಮನ್ನು ಕೀಳಾಗಿ ಕಾಣಲಾಗುತ್ತಿದೆ ಎಂದು ನೊಂದುಕೊಂಡಿದ್ದರು.

ನಮ್ಮ ಮಾತಿನಲ್ಲಿ 'ಯಾಕೆ' ಎಂಬ ಪದ ಇಂಥದ್ದೇ ಗಾಯ ಮಾಡುತ್ತದೆ. "ಇದನ್ನು ಯಾಕೆ ಹೀಗೆ ಮಾಡಿದಿರಿ?" ಎಂದು ದನಿ ಇಳಿಸಿ ಕೇಳಿದರೆ ಕೇಳಿದವರಿಗೆ ಕುತೂಹಲವಿದ್ದರೂ ಎದುರಿನವರಿಗೆ ಆಪಾದನೆಯೇ ಕೇಳಿಸುತ್ತದೆ. "ಹೀಗೆ ಮಾಡಿದ್ದಕ್ಕೆ ಏನಾದರೂ ಕಾರಣವಿರಬೇಕು, ತಿಳಿದುಕೊಳ್ಳೋಣ ಎಂದು ಕೇಳುತ್ತಿದ್ದೇನೆ" ಎಂದರೆ ವಾಕ್ಯ ಉದ್ದವಾಗುತ್ತದೆ, ಆದರೆ ಉತ್ತರ ಸಿಗುತ್ತದೆ. ಬರಹದ ಸಂದೇಶದಲ್ಲಿ ದನಿಯೇ ಇರುವುದಿಲ್ಲವಾದ್ದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು. 'ಸರಿ' ಎಂಬ ಒಂದೇ ಪದದ ಉತ್ತರವನ್ನು ಓದಿ ರಾತ್ರಿಯಿಡೀ ಕೊರಗುವವರಿದ್ದಾರೆ. ಎರಡು ಸಂದೇಶಗಳಲ್ಲಿ ಬಗೆಹರಿಯದ್ದನ್ನು ಮೂರನೆಯದಕ್ಕೆ ಎಳೆಯದೆ ಫೋನ್ ಮಾಡಿ.

ಸೂಚಿಸುವುದೋ, ನೇರವಾಗಿ ಹೇಳುವುದೋ

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ವರದಿಯನ್ನು ಸಹೋದ್ಯೋಗಿಯೊಬ್ಬರ ಮೇಜಿನ ಮೇಲಿಟ್ಟು "ಸಮಯ ಸಿಕ್ಕಾಗ ಒಮ್ಮೆ ನೋಡಿ" ಎಂದೆ. ನನಗೆ ಅದು ಸಂಜೆಯೊಳಗೆ ಬೇಕಿತ್ತು. ಅವರು ನನ್ನ ಮಾತನ್ನು ಇದ್ದದ್ದು ಇದ್ದಂತೆ ನಂಬಿದರು, ಸಮಯ ಸಿಕ್ಕ ಮೂರನೆಯ ದಿನ ಶ್ರದ್ಧೆಯಿಂದ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆದು ತಂದುಕೊಟ್ಟರು. ಅಷ್ಟರಲ್ಲಿ ನಾನು ಅವರನ್ನು ಅಸಡ್ಡೆಯವರೆಂದು ಇನ್ನಿಬ್ಬರ ಬಳಿ ಹೇಳಿಯೂ ಆಗಿತ್ತು. ನನ್ನ ಮಾತು ವಿನಯದ ಮಾತೆಂದು ನಾನು ತಿಳಿದಿದ್ದೆ. ಕೇಳುವವರಿಗೆ ಅದರಲ್ಲಿ ಗಡುವಿನ ಸುಳಿವೇ ಇರಲಿಲ್ಲ.

ಸೂಚಿಸಿ ಹೇಳುವುದು ಕೀಳಾದ ರೀತಿಯೆಂದು ನಾನು ಹೇಳುವುದಿಲ್ಲ. ಎದುರಿನವರಿಗೆ ಒಲ್ಲೆ ಎನ್ನುವ ಅವಕಾಶವನ್ನು ಅದು ಉಳಿಸಿಕೊಡುತ್ತದೆ, ಬಾಯಿಬಿಟ್ಟು ಕೇಳದೆಯೇ ಅರ್ಥವಾಯಿತೆಂಬ ಸುಖವನ್ನೂ ಕೊಡುತ್ತದೆ. ಭಾಷಾವಿಜ್ಞಾನಿ ರಾಬಿನ್ ಲೇಕಾಫ್ 1973ರಲ್ಲಿ ವಿನಯದ ಸೂತ್ರಗಳನ್ನು ಮೂರಾಗಿ ಹೇಳಿದ್ದರು: ಹೇರಬೇಡ, ಆಯ್ಕೆ ಕೊಡು, ಎದುರಿನವರಿಗೆ ಹಿತವೆನಿಸುವಂತೆ ನಡೆದುಕೋ. ಇಂಗಿತದ ಮಾತು ಈ ಮೂರನ್ನೂ ಒಟ್ಟಿಗೆ ಮಾಡಬಲ್ಲದು, ಆದರೆ ಇಬ್ಬರಿಗೂ ಆ ಇಂಗಿತ ಮೊದಲೇ ಗೊತ್ತಿದ್ದಾಗ ಮಾತ್ರ. ಪರಿಚಯ ಹೊಸದಾದಷ್ಟೂ, ಪರಿಣಾಮ ದೊಡ್ಡದಾದಷ್ಟೂ ನೇರವಾಗಿ ಹೇಳಬೇಕಾಗುತ್ತದೆ.

ಪರಿಣಾಮ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ವಿಮಾನಯಾನದ ಇತಿಹಾಸ ಸಾಕ್ಷಿ ಹೇಳುತ್ತದೆ. 1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ಹಿಮ ಸುರಿಯುತ್ತಿದ್ದಾಗ ಏರಿದ ಏರ್ ಫ್ಲೋರಿಡಾದ 90ನೇ ಸಂಖ್ಯೆಯ ವಿಮಾನ ಕೆಲವೇ ಕ್ಷಣಗಳಲ್ಲಿ ಪೊಟೋಮ್ಯಾಕ್ ನದಿಯ ಸೇತುವೆಗೆ ಬಡಿದು ನೀರಿಗೆ ಬಿತ್ತು. ವಿಮಾನದಲ್ಲಿದ್ದ 74 ಮಂದಿ, ಸೇತುವೆಯ ಮೇಲಿದ್ದ 4 ಮಂದಿ ತೀರಿಕೊಂಡರು. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಸಹಪೈಲಟ್ ನೆಲದ ಮೇಲಿದ್ದಾಗಲೇ ಜೋತಾಡುತ್ತಿದ್ದ ಮಂಜುಗಡ್ಡೆಯತ್ತ ಕ್ಯಾಪ್ಟನ್ನರ ಗಮನ ಸೆಳೆಯುತ್ತಾರೆ, ಹಿಮ ತೆಗೆಯುವ ಪ್ರಯತ್ನ ಸೋಲುವ ಹೋರಾಟವೆನ್ನುತ್ತಾರೆ, ರನ್‌ವೇಯಲ್ಲಿ ಓಡುತ್ತಿರುವಾಗ ಇದು ಸರಿಯಾಗಿ ಕಾಣುತ್ತಿಲ್ಲ ಎನ್ನುತ್ತಾರೆ. ಏರುವುದನ್ನು ನಿಲ್ಲಿಸೋಣ ಎಂಬ ಮಾತು ಮಾತ್ರ ಅವರ ಬಾಯಿಂದ ಬರುವುದಿಲ್ಲ. ಶಾರ್ಲೆಟ್ ಲಿಂಡ್ ಎಂಬ ಭಾಷಾವಿಜ್ಞಾನಿ 8 ವಿಮಾನ ಅಪಘಾತಗಳ ಮತ್ತು 14 ಸಿಮ್ಯುಲೇಟರ್ ಅಭ್ಯಾಸಗಳ ಸಂಭಾಷಣೆಯನ್ನು ಪರಿಶೀಲಿಸಿದಾಗ, ಮೇಲಿನವರೊಂದಿಗೆ ಆಡುವ ಮಾತು ಹೆಚ್ಚು ಮೆದುವಾಗಿರುತ್ತದೆಂಬುದೂ, ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳದೆ ಬಿಟ್ಟ ಸಲಹೆಗಳು ಇನ್ನೂ ಹೆಚ್ಚು ಮೆದುವಾಗಿದ್ದವೆಂಬುದೂ ಕಂಡುಬಂತು.

ವಿಮಾನ ಸಿಬ್ಬಂದಿಗೆ ಈಗ ಕಲಿಸುವ ಕ್ರಮವನ್ನು ಯಾವ ಕಚೇರಿಯಲ್ಲಿ ಬೇಕಾದರೂ ಬಳಸಬಹುದು. ಮೊದಲು ವ್ಯಕ್ತಿಯನ್ನು ಕರೆದು ಗಮನ ಸೆಳೆಯಿರಿ. ನಿಮಗಿರುವ ಆತಂಕವನ್ನು ಹೇಳಿ. ಕಂಡ ಸಮಸ್ಯೆಯನ್ನು ತಿಳಿಸಿ. ನಿಮ್ಮ ಸಲಹೆಯನ್ನು ಮುಂದಿಡಿ. ಕೊನೆಗೆ ಒಪ್ಪಿಗೆ ಕೇಳಿ. "ಮೇಡಂ, ಒಂದು ವಿಷಯ ನನಗೆ ಆತಂಕ ತಂದಿದೆ. ಈ ಲೆಕ್ಕದಲ್ಲಿ ಎರಡು ತಿಂಗಳ ಅಂಕಿಗಳು ತಾಳೆಯಾಗುತ್ತಿಲ್ಲ. ಇವತ್ತು ಕಳುಹಿಸದೆ ನಾಳೆಯವರೆಗೆ ತಡೆಯೋಣ ಎಂದು ನನ್ನ ಸಲಹೆ. ಒಪ್ಪುತ್ತೀರಾ?" ಇದರಲ್ಲಿ ಗೌರವಕ್ಕೆ ಎಲ್ಲಿಯೂ ಕುಂದಿಲ್ಲ. ಮೇಲಿನ ಸ್ಥಾನದಲ್ಲಿರುವವರಾದರೋ, ಕೆಳಗಿನವರ ಮೆದುಮಾತಿನೊಳಗೆ ಎಚ್ಚರಿಕೆಯೇನಾದರೂ ಇದೆಯೇ ಎಂದು ತಾವೇ ಕೆದಕಿ ಕೇಳಬೇಕು. ಧಾಟಿಯನ್ನು ಹೊಂದಿಸಿಕೊಳ್ಳುವ ಹೊರೆಯನ್ನೆಲ್ಲ ಅಧಿಕಾರ ಕಡಿಮೆಯಿರುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮನೆಯಲ್ಲಿ ಸೊಸೆಯೂ ಕಚೇರಿಯಲ್ಲಿ ಕಿರಿಯ ನೌಕರನೂ ಮಾತ್ರ ಬದಲಾಗಬೇಕೆಂದು ನಿರೀಕ್ಷಿಸುವುದನ್ನು ನಾನು ಬಹಳ ಕಂಡಿದ್ದೇನೆ.

ಕಷ್ಟ ಹೇಳಿಕೊಳ್ಳುವಾಗ, ದೂರು ಹೇಳುವಾಗ

ದಿನವಿಡೀ ಆದದ್ದನ್ನು ಹೇಳಿಕೊಳ್ಳುವವರಲ್ಲಿ ಕೆಲವರಿಗೆ ದಾರಿ ಬೇಕಿರುತ್ತದೆ, ಕೆಲವರಿಗೆ ಜೊತೆ ಬೇಕಿರುತ್ತದೆ. "ನಾಳೆ ಹೋಗಿ ಅವರಿಗೆ ಹೀಗೆ ಹೇಳು" ಎಂಬ ಸಲಹೆ ಎರಡನೆಯವರಿಗೆ ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ಊಹಿಸುವ ಗೋಜಿಗೆ ಹೋಗದೆ "ಏನು ಮಾಡಬಹುದೆಂದು ಯೋಚಿಸೋಣವೇ, ಇಲ್ಲ ಸುಮ್ಮನೆ ಕೇಳಲೇ?" ಎಂದು ಕೇಳಿ.

ದೂರಿನ ವಿಷಯದಲ್ಲಿ ಮೊದಲ ವಾಕ್ಯಕ್ಕೆ ಹೆಚ್ಚಿನ ಗಮನ ಕೊಡಿ. ಮನೋವಿಜ್ಞಾನಿ ಜಾನ್ ಗಾಟ್‌ಮನ್ ಮತ್ತು ಸಿಬಿಲ್ ಕರೇರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 124 ನವದಂಪತಿಗಳು ತಮ್ಮ ನಡುವಿನ ಭಿನ್ನಾಭಿಪ್ರಾಯವನ್ನು ಚರ್ಚಿಸಿದ ರೀತಿಯನ್ನು ನೋಡಿ, ಮೊದಲ ಮೂರು ನಿಮಿಷದ ಮಾತಿನಿಂದಲೇ ಮುಂದಿನ ಆರು ವರ್ಷಗಳಲ್ಲಿ ಯಾರು ಬೇರೆಯಾಗುವ ಸಾಧ್ಯತೆ ಹೆಚ್ಚೆಂದು ಅಂದಾಜಿಸಲು ಸಾಧ್ಯವಾಯಿತು. "ನೀವು ಯಾವತ್ತೂ ಹೀಗೆಯೇ" ಎಂದು ತೊಡಗಿದ ಮಾತು ಸಮಾಧಾನದಲ್ಲಿ ಮುಗಿಯುವುದು ಅಪರೂಪ. "ರೀ, ನಿನ್ನೆ ರಾತ್ರಿ ನೀವು ತಡವಾಗಿ ಬಂದಾಗ ನನಗೆ ಭಯವಾಗಿತ್ತು" ಎಂಬಲ್ಲಿ ಒಂದು ರಾತ್ರಿ, ಒಂದು ಘಟನೆ, ಒಂದು ಭಾವನೆ ಇದೆ, ಅದಕ್ಕೆ ಉತ್ತರಿಸಬಹುದು. 'ಯಾವತ್ತೂ', 'ಯಾವಾಗ ನೋಡಿದರೂ', 'ನಿಮ್ಮ ಮನೆಯವರೇ ಹಾಗೆ' ಎಂಬ ಮಾತುಗಳನ್ನು ದೂರಿನ ಮೊದಲ ವಾಕ್ಯದಿಂದ ಪೂರ್ತಿಯಾಗಿ ಕೈಬಿಡಿ.

ಮದ್ದೇ ಬೇನೆಯನ್ನು ಹೆಚ್ಚಿಸುವಾಗ

ಇಡೀ ವಿಷಯದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ತಿಳಿವಳಿಕೆ ಇದು. ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ 1930ರ ದಶಕದಲ್ಲಿ ನ್ಯೂಗಿನಿಯ ಇಯಾಟ್ಮುಲ್ ಜನರ ನಡುವೆ ಕೆಲಸ ಮಾಡುತ್ತಿದ್ದಾಗ, ಒಬ್ಬರ ನಡವಳಿಕೆ ಇನ್ನೊಬ್ಬರಲ್ಲಿ ಅದಕ್ಕೆ ವಿರುದ್ಧವಾದ ನಡವಳಿಕೆಯನ್ನು ಕೆರಳಿಸಿ, ಅದು ಮೊದಲಿನದನ್ನು ಇನ್ನಷ್ಟು ಬಲಪಡಿಸಿ, ಇಬ್ಬರೂ ದೂರ ದೂರ ಸರಿಯುವ ಪ್ರಕ್ರಿಯೆಯನ್ನು ಗುರುತಿಸಿದರು. ಟ್ಯಾನನ್ ಇದನ್ನು ದಿನನಿತ್ಯದ ಸಂಭಾಷಣೆಗೆ ಅನ್ವಯಿಸಿದರು. ಒಬ್ಬರು ದನಿ ಏರಿಸಿದರೆ ಇನ್ನೊಬ್ಬರು ಅದನ್ನು ತಗ್ಗಿಸಲೆಂದು ಪಿಸುಗುಟ್ಟುತ್ತಾರೆ. ಕೇಳಿಸದ್ದರಿಂದ ಮೊದಲನೆಯವರು ಇನ್ನೂ ಏರಿಸುತ್ತಾರೆ. ಮ್ಯಾನೇಜರ್ ಗಂಟೆಗೊಮ್ಮೆ ವಿಚಾರಿಸಿದರೆ ನೌಕರ ಕಡಿಮೆ ಹೇಳುತ್ತಾನೆ. ಕಡಿಮೆ ಹೇಳಿದ್ದರಿಂದ ಮ್ಯಾನೇಜರ್ ಅರ್ಧ ಗಂಟೆಗೊಮ್ಮೆ ವಿಚಾರಿಸುತ್ತಾರೆ.

ಈ ಸುಳಿಯನ್ನು ಗುರುತಿಸುವ ಲಕ್ಷಣ ಒಂದೇ: ನೀವು ಮಾಡುತ್ತಿರುವ ಪರಿಹಾರ ಹೆಚ್ಚಾದಷ್ಟೂ ತೊಂದರೆ ಹೆಚ್ಚುತ್ತಿರುತ್ತದೆ. ಆಗ ಮನಸ್ಸು ಹೇಳುವುದಕ್ಕೆ ವಿರುದ್ಧವಾದ ಒಂದು ಸಣ್ಣ ಹೆಜ್ಜೆ ಇಡಿ. ವಿಚಾರಿಸುವವರು ದಿನಕ್ಕೆ ಒಂದೇ ಹೊತ್ತನ್ನು ಗೊತ್ತುಮಾಡಿ ಉಳಿದ ಸಮಯ ಕೇಳದಿರಲಿ. ಹೇಳದಿರುವವರು, ಕೇಳುವ ಮೊದಲೇ ಬೆಳಿಗ್ಗೆ ಎರಡು ಸಾಲು ಕಳುಹಿಸಲಿ. ಇಬ್ಬರಲ್ಲಿ ಯಾರು ಮೊದಲು ಮಾಡಿದರೂ ಸುಳಿ ಸಡಿಲವಾಗುತ್ತದೆ. ಏಕಕಾಲದಲ್ಲಿ ಎಲ್ಲ ಅಭ್ಯಾಸಗಳನ್ನೂ ಬದಲಾಯಿಸಲು ಹೋಗಬೇಡಿ, ಮಾತು ಕೃತಕವಾಗುತ್ತದೆ ಮತ್ತು ಮನೆಯವರಿಗೆ ಗುಮಾನಿ ಬರುತ್ತದೆ.

ಅಕ್ಕ ಮೂರು ವಾರ ಒಂದೇ ಒಂದು ಅಭ್ಯಾಸ ಮಾಡಿದಳು: ಭಾವ ಕೆಲಸದಿಂದ ಬಂದ ಮೇಲೆ ಒಂದು ಪ್ರಶ್ನೆ ಕೇಳಿ, ಬಟ್ಟೆ ಮಡಚಲು ಕೂರುವುದು. ಕೈಗೆ ಕೆಲಸವಿದ್ದುದರಿಂದ ಕಾಯುವುದು ಅವಳಿಗೆ ಸುಲಭವಾಯಿತು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರದ ಒಂದು ಸಂಜೆ, ಅವಳು ನಾಲ್ಕನೆಯ ಬಟ್ಟೆ ಮಡಚುತ್ತಿರುವಾಗ, ಭಾವ ಕೆಲಸದಲ್ಲಿ ತಮಗಾಗುತ್ತಿದ್ದ ತೊಂದರೆಯನ್ನು ತಾವಾಗಿ ಹೇಳತೊಡಗಿದರು. ಅದು ಆರು ತಿಂಗಳಿಂದ ನಡೆಯುತ್ತಿದ್ದ ತೊಂದರೆಯಾಗಿತ್ತು.

ಮಾತಿನ ಬಗ್ಗೆಯೇ ಮಾತಾಡುವುದು

ಇದನ್ನು ಜಗಳದ ನಡುವೆ ಮಾಡಬಾರದು. ಇಬ್ಬರೂ ನೆಮ್ಮದಿಯಲ್ಲಿರುವ ಹೊತ್ತಿನಲ್ಲಿ, ನಿಮ್ಮ ಅಭ್ಯಾಸದಿಂದಲೇ ಆರಂಭಿಸಿ: "ನಾನು ಬೇಗ ಬೇಗ ಮಾತಾಡುತ್ತೇನೆ, ನಡುವೆ ಬಾಯಿ ಹಾಕುವುದು ನನಗೆ ಗೊತ್ತಾಗುವುದೇ ಇಲ್ಲ. ನಿಮಗೆ ಮಾತು ಮುಗಿಸಬೇಕೆನ್ನಿಸಿದಾಗ ಕೈ ಎತ್ತಿ ತೋರಿಸಿ, ನಿಲ್ಲಿಸುತ್ತೇನೆ." ಎದುರಿನವರ ಧಾಟಿಗೆ ಹೆಸರಿಡಬೇಡಿ, ಅವರೇ ಹೇಳಿಕೊಳ್ಳಲು ಬಿಡಿ. ಕೈ ಎತ್ತಿದಾಗ ನಿಜವಾಗಿಯೂ ನಿಲ್ಲಿಸಿ. ಒಂದು ಸಲ ನಿಲ್ಲಿಸದಿದ್ದರೆ ಆ ಗುರುತು ಕೆಲಸಕ್ಕೆ ಬಾರದಂತಾಗುತ್ತದೆ. ಕಚೇರಿಯಲ್ಲಿ ಹೊಸ ತಂಡ ಸೇರಿದಾಗ ಇದೇ ಮಾತನ್ನು ಇನ್ನೂ ಸರಳವಾಗಿ ಕೇಳಬಹುದು: ತಪ್ಪು ಕಂಡರೆ ತಕ್ಷಣ ಹೇಳಬೇಕೇ, ಒಬ್ಬರೇ ಇರುವಾಗ ಹೇಳಬೇಕೇ, ಬರೆದು ಕೊಡಬೇಕೇ. ಕೇಳಿದ್ದಕ್ಕಾಗಿ ಯಾರೂ ನನ್ನ ಮೇಲೆ ಇಲ್ಲಿಯವರೆಗೆ ಬೇಸರಿಸಿಲ್ಲ.

ಧಾಟಿಯ ಲೆಕ್ಕಕ್ಕೆ ಸೇರದವು

ಹೀಯಾಳಿಸುವುದು, ಬೆದರಿಸುವುದು, ನಾಲ್ಕು ಜನರ ಎದುರು ಅವಮಾನಿಸುವುದು, ದಿನಗಟ್ಟಲೆ ಬೇಕೆಂದೇ ಮಾತು ಬಿಟ್ಟು ಶಿಕ್ಷಿಸುವುದು ಧಾಟಿಯ ವ್ಯತ್ಯಾಸಗಳಲ್ಲ. "ನನ್ನ ಮಾತೇ ಹಾಗೆ, ಮನಸ್ಸಿನಲ್ಲಿ ಏನೂ ಇಲ್ಲ" ಎಂಬ ಸಮಜಾಯಿಷಿಯನ್ನು ಅಂಥವಕ್ಕೆ ಒಪ್ಪಬೇಕಾಗಿಲ್ಲ. ಇವೆರಡನ್ನೂ ಬೇರ್ಪಡಿಸಲು ಒಂದು ಪರೀಕ್ಷೆಯಿದೆ: ನಿಮಗೆ ನೋವಾಗುತ್ತಿದೆ ಎಂದು ಶಾಂತವಾಗಿ, ಸ್ಪಷ್ಟವಾಗಿ ಒಮ್ಮೆ ಹೇಳಿ ನೋಡಿ. ಧಾಟಿಯ ತೊಡಕಾಗಿದ್ದರೆ ಎದುರಿನವರು ಬೆರಗಾಗುತ್ತಾರೆ, ಕಸಿವಿಸಿಗೊಳ್ಳುತ್ತಾರೆ, ತಪ್ಪಿ ತಪ್ಪಿಯಾದರೂ ತಿದ್ದಿಕೊಳ್ಳಲು ನೋಡುತ್ತಾರೆ. ಹೇಳಿದ ಮೇಲೆಯೂ ಅದೇ ಜಾಗಕ್ಕೆ ಅದೇ ಪೆಟ್ಟು ಮತ್ತೆ ಬೀಳುತ್ತಿದ್ದರೆ, ಮೂರು ಎಣಿಸುವ ಅಭ್ಯಾಸವನ್ನು ಅಲ್ಲಿಗೆ ನಿಲ್ಲಿಸಿ, ನಂಬಿಕೆಯ ಹಿರಿಯರನ್ನೋ ಆಪ್ತಸಮಾಲೋಚಕರನ್ನೋ, ಕಚೇರಿಯಾದರೆ ದೂರು ಕೇಳುವ ಅಧಿಕಾರವುಳ್ಳವರನ್ನೋ ಕಾಣಿರಿ. ಹೋಗುವಾಗ ದಿನಾಂಕ ಸಹಿತ ಆಡಿದ ಮಾತುಗಳನ್ನು ಇದ್ದದ್ದು ಇದ್ದಂತೆ ಬರೆದ ಹಾಳೆಯನ್ನು ಜೊತೆಗೆ ಒಯ್ಯಿರಿ.